ಆ ‘ಖಲಾಸ್’ ನನಗಲ್ಲ

“ಖಲಾಸ್” ಎಂಬ ಮಾತು ಕೇಳಿದೊಡನೆ ತಲೆಯೆತ್ತದೆ ನನ್ನ ಪುಸ್ತಕದಲ್ಲಿ ನೂರಹನ್ನೆರಡನೇ ಗುರುತು ಹಾಕಿದೆ. ದುಬೈನ ನೈಫ್ ಬಜಾರ್‌ನಲ್ಲಿ ಅತ್ತರಿನ ಅಂಗಡಿಯಿದ್ದ ಭಟ್ಕಳದ ಕಾಕಾ ಅಂದಿನ ಮಾತ್ರೆಗಳನ್ನು ನುಂಗಿ ಮುಗಿಸಿದರೆಂದು ಅದರ ಅರ್ಥ. ಹಳೆಯ ಔಷಧಗಳಿಗೆ ಬಗ್ಗದ ಕ್ಷಯ ಅವರದು. ಸೋಂಕು ಹರಡುವ ಹಂತ ದಾಟಿದ್ದರಿಂದ ವೈದ್ಯರು ಅಂಗಡಿಗೆ ಹೋಗಲು ಒಪ್ಪಿದ್ದರು. ಹೊಸ ಮಾತ್ರೆಗಳ ಅಧ್ಯಯನದಲ್ಲಿ ಅವರು ದಿನವೂ ನುಂಗುವುದನ್ನು ಅಂಗಡಿಗೇ ಹೋಗಿ ಕಣ್ಣಾರೆ ಕಂಡು ಬರೆದುಕೊಳ್ಳುವುದು ನನ್ನ ಕೆಲಸ. ತಪ್ಪುತ್ತ ಹೋದರೆ ಕ್ರಿಮಿ ಇವಕ್ಕೂ ಬಗ್ಗದು. ಆಮೇಲೆ ಕೊಡಲು ಬೇರೆ ಔಷಧವಿರಲಿಲ್ಲ.

ಹೊರಡುತ್ತಿದ್ದ ನನ್ನನ್ನು ಕಾಕಾ ಕರೆದು ಅಂಗೈ ಬಿಚ್ಚಿದರು. ಮಾತ್ರೆಗಳು ಹಾಗೇ ಇದ್ದವು.

“ಮಲ್ಲಿಗೆ ಅತ್ತರು ಖಲಾಸ್ ಅಂತ ಗಿರಾಕಿಗೆ ಹೇಳಿದ್ದು ಮಾರಾಯ್ತಿ. ನಿನ್ನ ಪುಸ್ತಕದಲ್ಲಿ ನಾನು ಗುಣ ಆಗ್ತೇನೆ, ಇಲ್ಲಿ ಕೂತವನು ಖಲಾಸ್ ಆಗ್ತೇನೆ.”

ನಾನು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. “ಹಾಗಾದ್ರೆ ಹಿಂದಿನ ನೂರಹನ್ನೊಂದು ಖಲಾಸ್ ಯಾರಿಗೆ ಹೇಳಿದ್ದು ಕಾಕಾ?”

“ಎಲ್ಲ ನಿನಗೇ. ನನಗೆ ಅಷ್ಟು ವ್ಯಾಪಾರ ಎಲ್ಲುಂಟು?” ಎಂದು ನಗುತ್ತ ಮಾತ್ರೆಗಳನ್ನು ನುಂಗಿದರು.

ಅಂದಿನಿಂದ ನಾನು ಬರೀ ಮಾತಿಗೆ ಗುರುತು ಹಾಕಲಿಲ್ಲ. ಕಾಕಾ ನಾಲಿಗೆ ಹೊರಚಾಚಿ ತೋರಿಸಬೇಕಿತ್ತು. ಗಿರಾಕಿಗಳ ಎದುರೇ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ತೋರಿಸುತ್ತಿದ್ದರು.