ಅರ್ಧ ಲೀಟರಿನ ಮರ್ಯಾದೆ

ನನ್ನ ಮೂತ್ರಪಿಂಡ ಪ್ರೋಟೀನ್ ಸೋರಿಸುತ್ತಿದೆ ಎಂದು ನಂಜನಗೂಡಿನ ಡಾಕ್ಟರು ಹೇಳಿದಾಗ, ಕಾಯಿಲೆಗಿಂತ ಅವರು ಕೈಗಿತ್ತ ಕ್ಯಾನೇ ನನ್ನನ್ನು ಹೆಚ್ಚು ಕಾಡಿತು. ಇಡೀ ಒಂದು ದಿನ ಹೊಯ್ದದ್ದನ್ನೆಲ್ಲ, ಒಂದು ತೊಟ್ಟೂ ಬಿಡದೆ, ಆ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ತುಂಬಿ ತರಬೇಕಂತೆ. ಮೂವತ್ತು ವರ್ಷ ನರಸೀಪುರದಲ್ಲಿ ಮೇಷ್ಟ್ರಾಗಿ ಮೆರೆದವನು ಬಸ್ಸಿನಲ್ಲಿ ತನ್ನ ಉಚ್ಚೆ ಹೊತ್ತು ಹೋಗುವುದೆಂದರೇನು!

ಮೊದಲ ಸಲ ನಿಯತ್ತಾಗಿಯೇ ಹೊತ್ತೆ. ನಮ್ಮೂರಲ್ಲಿ ಬಸ್ಸು ಹತ್ತುವವರ ಕೈಯಲ್ಲಿ ಕ್ಯಾನಿದ್ದರೆ ಅದು ತ್ರಿವೇಣಿ ಸಂಗಮದ ತೀರ್ಥವೇ ಎಂದು ಲೋಕ ನಂಬಿದೆ. ಪಕ್ಕದ ಸೀಟಿನ ಅಜ್ಜಿ ಕ್ಯಾನು ಮುಟ್ಟಿ ಕಣ್ಣಿಗೊತ್ತಿಕೊಂಡು, "ವಸಿ ನನ್ಗೂ ಬುಡಿ ಸಾ, ಮೊಮ್ಮಗೀಗೆ ಉಸಾರಿಲ್ಲ" ಎಂದು ಬಾಟಲಿ ಚಾಚಿದಳು. "ಪೂಜೆಗೆ ಎತ್ತಿಟ್ಟಿದ್ದಮ್ಮ" ಎಂದೆ. ಎಂಥ ಜಿಪುಣ ಎಂಬಂತೆ ನೋಡಿದಳು.

ಮೂರು ತಿಂಗಳಿಗೆ ಮತ್ತೆ ಅದೇ ಪರೀಕ್ಷೆ. ಈ ಸಲ ಬುದ್ಧಿ ಓಡಿಸಿದೆ. ಮುಕ್ಕಾಲು ಪಾಲು ಬಚ್ಚಲಿಗೆ ಸುರಿದು, ಉಳಿದ ಅರ್ಧ ಲೀಟರನ್ನು ನೀರಿನ ಬಾಟಲಿಗೆ ತುಂಬಿ ಕೈಚೀಲಕ್ಕೆ ಸೇರಿಸಿದೆ. ಹಾಲು ಕೆಟ್ಟಿದೆಯೇ ಎಂದು ನೋಡಲು ಒಂದು ಗುಟುಕು ಸಾಲದೇ?

"ದಿನಕ್ಕೆ ಇಷ್ಟೇನಾ ಆಗೋದು?" ಎಂದರು ಡಾಕ್ಟರು.

"ಇಷ್ಟೇ ಸಾರ್" ಎಂದೆ, ಮೇಷ್ಟ್ರ ಗತ್ತಿನಲ್ಲಿ.

ದಿನಕ್ಕೆ ಒಟ್ಟು ಎಷ್ಟು ಪ್ರೋಟೀನ್ ಹೋಗುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆ ಅದೆಂದು ನನಗೆ ಆಗ ಹೊಳೆಯಲಿಲ್ಲ. ಮುಕ್ಕಾಲು ಪಾಲು ಬಚ್ಚಲಿಗೆ ಹೋದ ಮೇಲೆ ರಿಪೋರ್ಟಿನಲ್ಲಿ ಸೋರಿಕೆಯೂ ಅಷ್ಟೇ ಇಳಿದಿತ್ತು. "ನಾನು ಕೊಟ್ಟ ಮಾತ್ರೆ ಕೆಲಸ ಮಾಡಿದೆ, ನಿಲ್ಲಿಸಬೇಡಿ" ಎಂದರು ಪಾಪದ ಮನುಷ್ಯ.

ನಾನು ಊರಿಗೆಲ್ಲ ರಿಪೋರ್ಟು ತೋರಿಸಿದೆ. ಸೋರಿಕೆ ಇಳಿದ ಮೇಲೆ ಮಾತ್ರೆ ಯಾಕೆಂದು ನಾನೇ ತೀರ್ಮಾನ ಮಾಡಿ ನುಂಗುವುದನ್ನೇ ಬಿಟ್ಟೆ. ಉಪ್ಪು ಕೂಡದೆಂದು ಎತ್ತಿಟ್ಟಿದ್ದ ಉಪ್ಪಿನಕಾಯಿ ಜಾಡಿಯೂ ಅಟ್ಟದಿಂದ ಇಳಿಯಿತು. ಹೆಂಡತಿ "ಬ್ಯಾಡ ಕಣ್ರೀ" ಎಂದಾಗ ರಿಪೋರ್ಟು ಓದಿ ಹೇಳಿ ಅವಳ ಬಾಯಿ ಮುಚ್ಚಿಸಿದೆ.

ಮಳೆಗಾಲದ ಹೊತ್ತಿಗೆ ಪಾದ ಊದಿ ಚಪ್ಪಲಿಯೊಳಗೆ ಹೋಗದಾಯಿತು. ರಕ್ತಪರೀಕ್ಷೆ ನೋಡಿದ ಡಾಕ್ಟರು ಹಳೇ ರಿಪೋರ್ಟನ್ನು ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಿದರು. ನಾನೇ ಬಾಟಲಿಯ ಕತೆ ಬಾಯಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗಿದ್ದು ವಾಪಸ್ ಬರಲ್ಲ ಮೇಷ್ಟ್ರೇ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ" ಎಂದರು ಮೆಲ್ಲಗೆ. ಆಗ ನಿಜಕ್ಕೂ ಹೆದರಿದೆ.

ಮುಂದಿನ ಸಲ ತುಂಬಿದ ಕ್ಯಾನನ್ನು ಹೆಂಡತಿಯೇ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಏನಮ್ಮಾ ಅದು?" ಎಂದ ಕಂಡಕ್ಟರು.

"ನಮ್ಮೆಜಮಾನ್ರ ಉಚ್ಚೆ ಕಣಪ್ಪ, ಟೆಸ್ಟಿಗೆ" ಎಂದಳು, ಇಡೀ ಬಸ್ಸಿಗೆ ಕೇಳುವಂತೆ.

ಮೂತ್ರಪಿಂಡದ ಒಂದು ಪಾಲನ್ನೇ ಕೈಯಾರೆ ಕಳೆದುಕೊಂಡು ಕೂತಿದ್ದೆ. ಆದರೂ ನಾನು ತಲೆ ತಗ್ಗಿಸಿದ್ದು ಅವಳ ಆ ಮಾತಿಗೆ.