ತೊಳೆಯದೆ ಕೂಡಿಸಿದ ಬೇರಿಂಗು

ಕೇಳಿರಯ್ಯಾ, ನೆರೆದ ಮಹಾಜನರೇ! ಇಂದು ಮೊಮ್ಮಗ ಹಳೆಯ ಮೋಟರ್ ಸೈಕಲ್ಲಿನ ಎಂಜಿನ್ ಬಿಚ್ಚಿ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಆರಲು ಇಟ್ಟ. ಆ ವಾಸನೆ ನನ್ನನ್ನು ನಿಜಾಮರ ಕಾಲದ ರಂಗಂಪೇಟೆಗೆ ಒಯ್ದಿತು.

ಅಪ್ಪ ಮಿಸ್ತ್ರಿ. ರಿಪೇರಿಗೆಂದು ಅಪ್ಪ ಬಿಚ್ಚಿಟ್ಟ ಜಾಗೀರದಾರರ ಮೋಟರ್ ಸೈಕಲ್ಲಿನ ಬೇರಿಂಗುಗಳು ನಮ್ಮ ಅಂಗಳದಲ್ಲಿದ್ದವು. ಮಹಾನವಮಿಯೆಂದು ಅವ್ವ ಅವಕ್ಕೂ ವಿಭೂತಿ, ಕುಂಕುಮ ಹಚ್ಚಿದ್ದಳು. ಅಂದೇ ತಂಗಿ ಗಂಗಿಗೆ ಜ್ವರ ನೆತ್ತಿಗೇರಿತು. ಅವಳನ್ನು ಯಾದಗಿರಿ ದವಾಖಾನೆಗೆ ಒಯ್ಯಬೇಕೆಂದು ಅಪ್ಪ ಎಂಜಿನ್ ಕೂಡಿಸಲು ಕೂತ.

"ತೊಳೀಲಾರ್ದ ಹಾಕಿದ್ರ ಜಾಮ್ ಆಗ್ತದ," ಎಂದು ಸೀಮೆಎಣ್ಣೆ ಡಬ್ಬಿ ಎಳೆದುಕೊಂಡ.

"ಕೂಸು ಹಿಂಗ ಮಲಗ್ಯಾದ, ದೇವರ ಕುಂಕುಮ ತೊಳೀತೀರೇನ್ರಿ?" ಅವ್ವ ಅವನ ಕೈ ಹಿಡಿದಳು.

ಅಪ್ಪ ಡಬ್ಬಿ ಸರಿಸಿ, ಹಾಗೆಯೇ ಕೂಡಿಸಿದ.

ಶಹಾಪುರ ದಾಟುತ್ತಲೇ ಎಂಜಿನ್ ಜಾಮ್ ಆಯಿತು. ಎತ್ತಿನ ಬಂಡಿ ಸಿಗುವಷ್ಟರಲ್ಲಿ ಗಂಗಿ ಅಪ್ಪನ ತೊಡೆಯ ಮೇಲೆ ತಣ್ಣಗಾಗಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಎಂಜಿನ್ ಬಿಚ್ಚಿದ. ಬೇರಿಂಗಿನೊಳಗೆ ಕೆಂಪು ಕೆಸರು ಸುಟ್ಟು ಕೂತಿತ್ತು.

"ಗಾಡಿ ಯಾಕ ನಿಂತಿತ್ರಿ?" ಅವ್ವ ಬಾಗಿಲಲ್ಲೇ ನಿಂತು ಕೇಳಿದಳು.

"ಪೆಟ್ರೋಲ್ ಖರಾಬ್ ಇತ್ತು."

ಅವಳು ಒಳಗೆ ಹೋಗಿ ರೊಟ್ಟಿ ಬಡಿದಳು. ನಾವು ಉಂಡೆವು.

ನಾಳೆ ಮಹಾನವಮಿ. ಮುಂಜಾನೆ ಸೊಸೆ ಪೂಜೆಯ ತಟ್ಟೆ ತರುವ ಮೊದಲೇ ಮೊಮ್ಮಗನ ಬೇರಿಂಗುಗಳ ಮೇಲೆ ನನ್ನ ಧೋತರ ಹೊದಿಸುತ್ತೇನೆ.