ಕಿಟಕಿಯ ಕೆಳಗೆ ಮರಿಯಾಚಿ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹತ್ತಿರ ಒಂದು ಭಾರತೀಯ ಶಾಲೆಯಲ್ಲಿ ನಾನು ಸಂಗೀತ ಕಲಿಸುತ್ತೇನೆ. ನನ್ನ ಊರು ಉಡುಪಿ ಕಡೆ. ಇಗರ್ಜಿಯ ಗಾಯನ ತಂಡದಲ್ಲಿ ಪಿಟೀಲು ಕಲಿತೆ, ಮದುವೆಯಾಗಿ ಇಲ್ಲಿಗೆ ಬರುವಾಗ ಅದೇ ಪಿಟೀಲು ಹಿಡಿದುಕೊಂಡು ಬಂದೆ. ಗಂಡ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಾರೆ, ನಾನು ಶಾಲೆಗೆ. ಬೆಳಿಗ್ಗೆ ಎರಡು ದೇಶಗಳ ರಾಷ್ಟ್ರಗೀತೆ, ಆಮೇಲೆ ವಾರ್ಷಿಕೋತ್ಸವದ ತಾಲೀಮು, ಯಾರಾದರೂ ಅತಿಥಿ ಬಂದರೆ ಒಂದು ಸ್ವಾಗತ ಗೀತೆ. ಇಷ್ಟರಲ್ಲೇ ವರ್ಷ ಕಳೆಯುತ್ತದೆ. ಎದುರಿಗೆ ಕೂತು ಯಾರೋ ನುಡಿಸುವುದನ್ನು ನಮ್ಮ ಶಾಲೆಯ ಮಕ್ಕಳು ನೋಡಿದ್ದು ಬಹಳ ಕಡಿಮೆ. ಅವರಿಗೆ ಹಾಡೆಂದರೆ ಕಾರಿನ ಸ್ಪೀಕರಿನಿಂದಲೋ ಫೋನಿನಿಂದಲೋ ಬರುವ ವಸ್ತು.

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಗಂಡ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಅವನೇ ಫೋನ್ ಮಾಡಿದ. "ಅಕ್ಕ, ನಮ್ಮ ಹೋಟೆಲಿಗೆ ಮೆಕ್ಸಿಕೋದವರು ಬಂದಿದ್ದಾರೆ. ನಿಮ್ಮ ಹಾಗೇ ಪಿಟೀಲು ಬಾರಿಸ್ತಾರೆ. ಒಮ್ಮೆ ಬಂದು ನೋಡಿ."

ಆ ಶನಿವಾರವೇ ಹೋದೆವು. ಮರಿಯಾಚಿ ಎಂಬ ಮೆಕ್ಸಿಕೋದ ವಾದ್ಯದ ತಂಡ, ಒಟ್ಟು ಐದು ಜನ. ಮೈಗಂಟಿದ ಕಪ್ಪು ಉಡುಪು, ತೊಡೆಯಿಂದ ಕಾಲಿನವರೆಗೆ ಸಾಲಾಗಿ ಬೆಳ್ಳಿಯ ಗುಂಡಿಗಳು, ತಲೆಯ ಮೇಲೆ ಮೊರದಷ್ಟು ಅಗಲದ ಟೋಪಿ. ಎರಡು ಪಿಟೀಲು, ಒಂದು ಟ್ರಂಪೆಟ್, ವಿಹುವೆಲಾ ಎಂಬ ಪುಟ್ಟ ಗಿಟಾರು, ಗಿಟರೋನ್ ಎಂಬ ದೊಡ್ಡ ಗಿಟಾರು. ಆ ದೊಡ್ಡದರ ಹೊಟ್ಟೆಯೊಳಗೆ ಒಂದು ಮಗುವನ್ನು ಕೂರಿಸಬಹುದಿತ್ತು. ತಂಡದ ಮುಖ್ಯಸ್ಥೆ ಐವತ್ತು ದಾಟಿದ ಹೆಂಗಸು, ಪಿಟೀಲು ಅವಳದೇ. ಹಾಡಿನ ನಡುವೆ ಅವಳು ತಲೆ ಹಿಂದಕ್ಕೆ ಹಾಕಿ ಒಂದು ಕೂಗು ಹಾಕಿದಳು. ನಗುವಿನ ಹಾಗೆ ಶುರುವಾದ ಆ ಕೂಗು ಮೇಲೇರುತ್ತ ಅಳುವಿನ ಹಾಗಾಗಿ ಮುಗಿಯಿತು. ಊಟ ತಣ್ಣಗಾದದ್ದು ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳ ಹತ್ತಿರ ಹೋಗಿ, ನಾನೂ ಪಿಟೀಲು ಕಲಿಸುವವಳು, ನನ್ನ ಶಾಲೆಯ ಮಕ್ಕಳಿಗಾಗಿ ಒಮ್ಮೆ ಬರುತ್ತೀರಾ ಎಂದು ಕೇಳಿದೆ. ಗಲ್ಫಿನಲ್ಲಿ ಕಲಿತ ಹರುಕುಮುರುಕು ಇಂಗ್ಲಿಷಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಕ್ಕಳು ಎಷ್ಟು ದೊಡ್ಡವರು?"

"ನಾಲ್ಕನೇ ತರಗತಿ."

"ಒಳ್ಳೆಯ ವಯಸ್ಸು. ಆ ಮಕ್ಕಳಿಗೆ ಇನ್ನೂ ನಾಚಿಕೆ ಬಂದಿರುವುದಿಲ್ಲ."

ಹೋಟೆಲಿನವರು ಒಪ್ಪಿದರು. ನಮ್ಮ ಪ್ರಿನ್ಸಿಪಾಲರಿಗೆ ಮಾತ್ರ ಒಂದು ಅಳುಕಿತ್ತು. ಎಲ್ಲ ಹಾಡುಗಳ ಅರ್ಥ ತರಿಸಿಕೊಂಡು ಓದಿ, ಕನ್ನಡಕ ತೆಗೆದು, "ಇದರಲ್ಲಿ ಕುಡಿತ ಇಲ್ಲದ ಹಾಡು ಯಾವುದು?" ಎಂದರು. ನಾನು ಆ ಮಾತನ್ನು ಫೋನಿನಲ್ಲಿ ಮುಖ್ಯಸ್ಥೆಗೆ ತಿಳಿಸಿದಾಗ ಅವಳು ತುಂಬ ಹೊತ್ತು ನಕ್ಕಳು. ಕುದುರೆಯ ಹಾಡು, ಪಾರಿವಾಳದ ಹಾಡು, ತಾಯಂದಿರ ಹಾಡು ಉಳಿದುಕೊಂಡವು.

ಅವರು ಬರುವ ಮೊದಲು ತರಗತಿಯಲ್ಲಿ ತಯಾರಿ ಮಾಡಿಸಿದೆ. ಗೋಡೆಯ ನಕಾಶೆಯಲ್ಲಿ ಮೆಕ್ಸಿಕೋ ಹುಡುಕಿದೆವು. ಆ ಕೂಗನ್ನೂ ಅಭ್ಯಾಸ ಮಾಡಿದೆವು. ಪಕ್ಕದ ಗಣಿತದ ಟೀಚರ್ ಎರಡು ಸಲ ಬಾಗಿಲು ತಟ್ಟಿದರು. ಎಲ್ಲರೂ ಕೂಗುತ್ತಿದ್ದಾಗ ಒಬ್ಬಳು ಮಾತ್ರ ಸುಮ್ಮನೆ ಕೂತಿರುತ್ತಿದ್ದಳು.

ಅವಳು ಉಪ್ಪಿನಂಗಡಿ ಕಡೆಯ ಬ್ಯಾರಿ ಕುಟುಂಬದ ಹುಡುಗಿ. ತಂದೆ ಮುಸಫ್ಫಾದಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸೂಪರ್‌ವೈಸರ್. ಕೆಲವು ತಿಂಗಳ ಹಿಂದಿನವರೆಗೆ ತರಗತಿಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುತ್ತಿದ್ದವಳು ಅವಳೇ. ಈಗ ಡಬ್ಬಿ ತೆರೆದು, ಒಳಗಿದ್ದ ಬ್ರೆಡ್ಡು ನೋಡಿ, ಹಾಗೇ ಮುಚ್ಚುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ "ನಥಿಂಗ್ ಮಿಸ್" ಅನ್ನುತ್ತಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ತಾನಾಗಿಯೇ ಹೇಳಿದಳು.

"ಮಿಸ್, ನನ್ನ ಉಮ್ಮನ ಹೊಟ್ಟೆಯಲ್ಲಿ ಪಾಪು ಉಂಟು. ಉಮ್ಮ ಏಳ್ಲಿಕ್ಕಿಲ್ಲ. ಡಾಕ್ಟರ್ ಹೇಳಿದ್ದಾರೆ, ಮಲಗಿಯೇ ಇರ್ಬೇಕು."

"ಎಷ್ಟು ದಿನದಿಂದ?"

"ತುಂಬ ದಿನ. ನಾನು ಜೋರು ಮಾತಾಡ್ಲಿಕ್ಕೂ ಇಲ್ಲ ಮನೆಯಲ್ಲಿ. ಹೋದ ಸಲ ಪಾಪು ಉಳೀಲಿಲ್ಲ, ಅದಕ್ಕೆ."

ನಾನು ಅವಳ ಜಡೆ ಸರಿ ಮಾಡಿ ಬಸ್ಸಿಗೆ ಕಳುಹಿಸಿದೆ. ನಾನೂ ಒಂದು ಕಾಲದಲ್ಲಿ ಹಾಗೆ ಮಲಗಿದ್ದವಳು. ಖಲೀದಿಯಾದ ಒಂದು ಫ್ಲಾಟಿನಲ್ಲಿ ಫ್ಯಾನು ನೋಡುತ್ತ, ಎಡಕ್ಕೆ ತಿರುಗಿದರೆ ಏನಾಗುತ್ತದೋ ಬಲಕ್ಕೆ ತಿರುಗಿದರೆ ಏನಾಗುತ್ತದೋ ಎಂದು ಉಸಿರು ಬಿಗಿಹಿಡಿದು. ನನ್ನ ಮಗು ಉಳಿಯಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ. ಇದನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳಿದವಳಲ್ಲ.

ಮರಿಯಾಚಿಯವರು ಬಂದದ್ದು ಚಳಿಗಾಲ ಮುಗಿಯುತ್ತಿದ್ದ ಒಂದು ಗುರುವಾರ. ಸಭಾಂಗಣದ ಹಿಂಬಾಗಿಲಿನಿಂದ ನುಡಿಸುತ್ತಲೇ ಒಳಗೆ ಬಂದರು. ಟ್ರಂಪೆಟ್ ಹತ್ತಿರ ಬಂದಾಗ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು, ಆಮೇಲೆ ಮೆಲ್ಲಗೆ ಬೆರಳು ತೆಗೆದರು. ಗಿಟರೋನಿನವನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಅದರ ಹೊಟ್ಟೆಗೆ ಅಂಗೈ ಇಡಲು ಹೇಳಿ ತಂತಿ ಮೀಟಿದ. "ಮಿಸ್, ನನ್ನ ಕೈಯೊಳಗೆ ಬಂತು" ಎಂದು ಒಬ್ಬ ಹುಡುಗ ಓಡಿ ಬಂದು ಕೈ ತೋರಿಸಿದ, ಅಲ್ಲಿ ಏನೋ ಅಂಟಿಕೊಂಡಿದೆ ಎಂಬಂತೆ. ಕೂಗಿನ ಸರದಿ ಬಂದಾಗ ಇಡೀ ಸಭಾಂಗಣ ಅರಚಿತು. ಪ್ರಿನ್ಸಿಪಾಲರು ನಗುತ್ತ ಕೂತಿದ್ದರು.

ಕೊನೆಗೆ ಮುಖ್ಯಸ್ಥೆ ವೇದಿಕೆಯ ಅಂಚಿನಲ್ಲಿ ಕುಳಿತು ತಮ್ಮ ಊರಿನ ಒಂದು ಪದ್ಧತಿ ಹೇಳಿದಳು. ಅಮ್ಮನ ಹುಟ್ಟುಹಬ್ಬದ ದಿನ ಬೆಳಕು ಹರಿಯುವ ಮೊದಲೇ ಮಕ್ಕಳು ವಾದ್ಯದವರನ್ನು ಕರೆದುಕೊಂಡು ಅವಳ ಕಿಟಕಿಯ ಕೆಳಗೆ ನಿಲ್ಲುತ್ತಾರೆ. ಹಾಡು ಕೇಳಿ ಅಮ್ಮ ಎದ್ದು ಕಿಟಕಿಗೆ ಬರುತ್ತಾಳೆ.

ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಟೋಪಿ ಭಾರವೇ, ಬಿಸಿಲಿಗೆ ಬೆವರುವುದಿಲ್ಲವೇ ಎಂಬಂಥ ಪ್ರಶ್ನೆಗಳಾದವು. ಆಮೇಲೆ ಆ ಹುಡುಗಿ ಕೈ ಎತ್ತಿದಳು.

"ಅಮ್ಮನಿಗೆ ಕಿಟಕಿಗೆ ಬರ್ಲಿಕ್ಕೆ ಆಗದಿದ್ರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮುಖ್ಯಸ್ಥೆಗೆ ಕಾರಣ ಗೊತ್ತಿರಲಿಲ್ಲ. ಆದರೂ ಪ್ರಶ್ನೆಯನ್ನು ಹಗುರ ಮಾಡಲಿಲ್ಲ. "ಆಗ ನಾವು ಇನ್ನಷ್ಟು ಹತ್ತಿರ ಹೋಗುತ್ತೇವೆ" ಎಂದಳು.

ಮಕ್ಕಳು ಸಾಲಾಗಿ ಹೊರಟ ಮೇಲೂ ಆ ಹುಡುಗಿ ಹೋಗಲಿಲ್ಲ. ಪಿಟೀಲನ್ನು ಪೆಟ್ಟಿಗೆಯೊಳಗೆ ಇಡುತ್ತಿದ್ದ ಮುಖ್ಯಸ್ಥೆಯ ಪಕ್ಕದಲ್ಲಿ ನಿಂತು, "ನೀವು ನನ್ನ ಮನೆಗೆ ಬರ್ತೀರಾ? ಇಲ್ಲೇ ಹತ್ತಿರ" ಎಂದಳು. ಮುಖ್ಯಸ್ಥೆ ನನ್ನ ಮುಖ ನೋಡಿದಳು. ನಾನು ತಾಯಿಯ ವಿಷಯ ಹೇಳಿ, ನಿಮಗೆ ಸಂಜೆ ದುಬೈಯಲ್ಲಿ ಕೆಲಸವಿದೆ, ತೊಂದರೆ ಬೇಡ ಎಂದೂ ಹೇಳಿದೆ. ಅವಳು ಟ್ರಂಪೆಟಿನವನ ಜೊತೆ ಸ್ಪ್ಯಾನಿಶಿನಲ್ಲಿ ಒಂದು ಮಾತಾಡಿ, ನನ್ನ ಕಡೆ ತಿರುಗಿ, ಹೊರಡೋಣ ಎಂಬುದನ್ನು ಅರಬ್ಬಿಯಲ್ಲಿ ಹೇಳಿದಳು. "ಯಲ್ಲಾ."

ಹುಡುಗಿಯ ತಂದೆಗೆ ಫೋನ್ ಮಾಡಿದೆ. ಅವರು ಹೆದರಿದರು.

"ಟೀಚರ್, ಒಳ್ಳೆ ಮನಸ್ಸಿನಿಂದ ಕೇಳ್ತಿದ್ದೀರಿ, ಗೊತ್ತಾಗ್ತದೆ. ಆದ್ರೆ ನಾವಿರೋದು ವಿಲ್ಲಾದ ಮೇಲಿನ ಒಂದು ಭಾಗದಲ್ಲಿ. ಕೆಳಗೆ ಅರಬಾಬ್‌ನ ತಾಯಿ ಇದ್ದಾರೆ. ಬ್ಯಾಂಡು ಗೀಂಡು ಅಂದ್ರೆ ಎಂತ ಹೇಳ್ತಾರೋ."

"ಒಮ್ಮೆ ಕೇಳಿ ನೋಡಿ. ಬೇಡ ಅಂದ್ರೆ ಬೇಡ."

ಆ ಅರಬಾಬ್, ಅಂದರೆ ವಿಲ್ಲಾದ ಮಾಲೀಕ, ಅವನ ತಾಯಿ ವಯಸ್ಸಾದ ಎಮಿರಾತಿ ಹೆಂಗಸು. ಅವರ ಉತ್ತರ ಬೇಗನೇ ಬಂತು. ಇಳಿಮಧ್ಯಾಹ್ನದ ಅಸರ್ ನಮಾಜು ಮುಗಿಯಲಿ, ಗೇಟಿನ ಒಳಗೇ ನುಡಿಸಲಿ, ನನಗೂ ಒಂದು ಕುರ್ಚಿ ಹಾಕಲಿ ಎಂದರಂತೆ.

ಹುಡುಗಿಯನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ಮರಿಯಾಚಿಯವರ ವ್ಯಾನು ಹಿಂದೆ ಬಂತು. ಆ ಓಣಿಯ ವಿಲ್ಲಾಗಳೆಲ್ಲ ಒಂದೇ ತರಹ, ಮರಳಿನ ಬಣ್ಣದ ಎತ್ತರದ ಗೋಡೆಗಳು, ಗೇಟಿನ ಮುಂದೆ ಬಾಡಿಗೆದಾರರ ಕಾರುಗಳು. ನಮಾಜು ಮುಗಿಯುವವರೆಗೆ ವ್ಯಾನಿನಲ್ಲೇ ಕಾದರು. ಬಳಿಕ ಸದ್ದಿಲ್ಲದೆ ಒಳಗೆ ಬಂದು ಅಂಗಳದಲ್ಲಿ ನಿಂತರು. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಕಾಗದದ ಹೂವಿನ ಗಿಡ, ನಡುವೆ ಹಗ್ಗದ ಮೇಲೆ ಒಣಗಿದ ಬಟ್ಟೆ. ತಂದೆ ಅಂಗಡಿಯಿಂದ ಓಡಿ ಬಂದಿದ್ದರು, ಕೈಗೆ ಇನ್ನೂ ಗ್ರೀಸು ಮೆತ್ತಿತ್ತು. ಅವಸರದಲ್ಲಿ ಹಗ್ಗದ ಬಟ್ಟೆಗಳನ್ನು ಎಳೆದು ತೆಗೆದರು.

ಮೇಲಿನ ಕಿಟಕಿ ತೆರೆಯಿತು. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ, ಅಂದರೆ ಹುಡುಗಿಯ ತಾಯಿಯ ತಾಯಿ, ತಲೆ ಹೊರಗೆ ಹಾಕಿದರು. "ಆ ತುತ್ತೂರಿ ಬೇಡ" ಎಂದರು. "ಮಗು ಬೆಚ್ಚಿ ಬೀಳ್ತದೆ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಟ್ರಂಪೆಟಿನ ಯುವಕ ತಲೆಬಾಗಿ, ಗೇಟಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಅವರು ತಾಯಂದಿರ ಹಾಡನ್ನು ಎತ್ತಿಕೊಂಡರು. ಶಾಲೆಯಲ್ಲಿ ನುಡಿಸಿದ್ದ ಗತಿಯಲ್ಲಲ್ಲ, ತೊಟ್ಟಿಲ ಪಕ್ಕ ಕೂತು ಹಾಡುವಷ್ಟು ನಿಧಾನವಾಗಿ. ಗೋಡೆಗೆ ತಾಗಿ ಹಿಂತಿರುಗಿದ ಟ್ರಂಪೆಟಿನ ದನಿ ಪಕ್ಕದ ಓಣಿಯಲ್ಲೆಲ್ಲೋ ಯಾರೋ ಹಾಡುತ್ತಿರುವ ಹಾಗೆ ಕೇಳಿಸಿತು. ಎರಡನೇ ಚರಣಕ್ಕೆ ಮುಖ್ಯಸ್ಥೆ ನನ್ನ ಕಡೆ ತಿರುಗಿ, "ನಿನ್ನ ಪಿಟೀಲು?" ಎಂದು ಕಣ್ಣಲ್ಲೇ ಕೇಳಿದಳು. ಕಾರಿನಲ್ಲಿತ್ತು. ತಂದು, ಅವಳ ಕೆಳಗಿನ ಸ್ವರ ಹಿಡಿದೆ. ಮಕ್ಕಳಿಗೆ ಕಲಿಸಲೆಂದು ಆ ಹಾಡನ್ನು ಮೊದಲೇ ಅಭ್ಯಾಸ ಮಾಡಿದ್ದು ಒಳ್ಳೆಯದಾಯಿತು.

ಹುಡುಗಿ ಮಾತ್ರ ಕತ್ತೆತ್ತಿ ಕಿಟಕಿಯನ್ನೇ ನೋಡುತ್ತಿದ್ದಳು. ಅಲ್ಲಿ ಅಜ್ಜಿಯೂ ಇರಲಿಲ್ಲ. ಬರೀ ಕಿಟಕಿ, ಅದರೊಳಗೆ ಒಂದಿಷ್ಟು ಸೀಲಿಂಗ್ ಕಾಣುತ್ತಿತ್ತು. ಅವಳ ಮುಖ ಬಾಡುತ್ತ ಬಂತು.

ಅಷ್ಟರಲ್ಲಿ ಅಜ್ಜಿ ಮತ್ತೆ ಬಂದರು. ಅವರ ಕೈಯಲ್ಲಿ ಬಚ್ಚಲುಮನೆಯ ಗೋಡೆಯಿಂದ ಇಳಿಸಿ ತಂದ ಕನ್ನಡಿ ಇತ್ತು. ಅದನ್ನು ಕಿಟಕಿಯ ಮೇಲ್ಭಾಗಕ್ಕೆ ಎತ್ತಿ ಹಿಡಿದು, ಒಳಗಿನಿಂದ ಮಗಳು ಹೇಳಿದ ಹಾಗೆ ಅತ್ತ ಇತ್ತ ಬಾಗಿಸಿದರು. ಮೊದಲು ಬಿಸಿಲು ನಮ್ಮ ಕಣ್ಣಿಗೆ ಹೊಡೆಯಿತು. ಆಮೇಲೆ ಆಕಾಶ ಕಂಡಿತು, ಆಮೇಲೆ ದಿಂಬು, ಆಮೇಲೆ ತಲೆಗೆ ಶಾಲು ಹೊದ್ದ ಒಂದು ಸಣ್ಣ ಮುಖ. ಮಲಗಿದ್ದಲ್ಲಿಂದ ಅವಳಿಗೆ ನಾವು ಕಂಡಿದ್ದೆವು. ನಮಗೂ ಅವಳು ಕಂಡಳು.

"ಉಮ್ಮ" ಎಂದಳು ಹುಡುಗಿ, ಮೆಲ್ಲಗೆ. ಮನೆಯಲ್ಲಿ ಜೋರು ಮಾತಾಡಬಾರದಲ್ಲ. ಕನ್ನಡಿಯೊಳಗಿನ ಮುಖ ತಲೆಯಾಡಿಸಿತು, ಒಂದು ಕೈ ಮೇಲೆ ಬಂತು. ಹುಡುಗಿ ತನ್ನ ಪಕ್ಕದಲ್ಲಿದ್ದ ಮುಖ್ಯಸ್ಥೆಯನ್ನು ನೋಡಿದಳು. ಆಮೇಲೆ ತಲೆ ಹಿಂದಕ್ಕೆ ಹಾಕಿ, ತರಗತಿಯಲ್ಲಿ ಒಂದು ದಿನವೂ ಹಾಕದಿದ್ದ ಆ ಕೂಗನ್ನು ಹಾಕಿದಳು. ಸ್ವರ ನಡುವೆ ಒಡೆಯಿತು. ಆದರೂ ಬಿಡದೆ ಕೊನೆ ಮುಟ್ಟಿಸಿದಳು.

ಕೆಳಗಿನ ಕುರ್ಚಿಯಲ್ಲಿ ಕೂತಿದ್ದ ಎಮಿರಾತಿ ಅಜ್ಜಿ ಎದೆಗೆ ಕೈ ಇಟ್ಟುಕೊಂಡು ನಕ್ಕರು. ಮೇಲಿನಿಂದಲೂ ನಗು ಕೇಳಿಸಿತು, ನಿಲ್ಲಿಸಲಾಗದ ನಗು. ಕನ್ನಡಿ ಗಡಗಡ ಅಲುಗಿತು. "ನಗಾಡ್ಬೇಡ ಮಾರಾಯ್ತಿ, ಹೊಟ್ಟೆ ಅಲುಗ್ತದೆ" ಎಂದು ಮೇಲಿನ ಅಜ್ಜಿ ಮಗಳನ್ನು ಗದರುತ್ತಿದ್ದರು, ಗದರುತ್ತ ತಾವೂ ನಗುತ್ತಿದ್ದರು. ಹುಡುಗಿಯ ತಂದೆ ನೀರಿನ ಟ್ಯಾಂಕಿನ ಕಡೆ ತಿರುಗಿ, ಗ್ರೀಸು ಮೆತ್ತಿದ ಕೈಯಿಂದಲೇ ಕಣ್ಣೊರಸಿಕೊಂಡರು.

ನನಗೆ ಪಿಟೀಲು ಮುಂದುವರಿಸಲು ಆಗಲಿಲ್ಲ. ಕೆಳಗಿಳಿಸಿ ನಿಂತೆ. ಮುಖ್ಯಸ್ಥೆ ನನ್ನ ಭಾಗವನ್ನೂ ತಾನೇ ನುಡಿಸಿ ಹಾಡು ಮುಗಿಸಿದಳು.

ಕೆಳಗಿನ ಮನೆಯಿಂದ ಗಹ್ವಾ ಎಂಬ ಅರಬ್ಬಿ ಕಾಫಿ, ಖರ್ಜೂರ ಬಂತು. ಮೇಲಿನಿಂದ ತೆಂಗಿನಹಾಲು ಸವರಿದ ಪತ್ತಿರ್, ಅಂದರೆ ಅಕ್ಕಿಯ ತೆಳ್ಳಗಿನ ರೊಟ್ಟಿ, ಕೋಳಿ ಸಾರಿನ ಜೊತೆ ಬಂತು. ಐವರೂ ನಿಂತುಕೊಂಡೇ ತಿಂದರು. ವ್ಯಾನು ಹತ್ತುವ ಮುಂಚೆ ಮುಖ್ಯಸ್ಥೆ ನನ್ನ ಕೈ ಹಿಡಿದು, "ಹೋಟೆಲಿನಲ್ಲಿ ಜನ ಊಟ ಮಾಡುತ್ತ ಕೇಳುತ್ತಾರೆ. ಅದೂ ಸರಿಯೇ" ಎಂದಳು. ಮತ್ತೇನೋ ಹೇಳಲು ಹೋಗಿ, ಇಂಗ್ಲಿಷು ಸಿಗದೆ, ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಹತ್ತಿಕೊಂಡಳು.

ಆಮೇಲೆ ದಿನಗಳು ಬಹಳ ನಿಧಾನವಾಗಿ ಹೋದವು. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಆ ಹುಡುಗಿಯ ಮುಖವನ್ನೇ ಮೊದಲು ಹುಡುಕುತ್ತಿದ್ದೆ. ಬೇಸಿಗೆ ಶುರುವಾದಾಗ ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ತಂದೆಯಿಂದ ಮೆಸೇಜು ಬಂತು. ತಿಂಗಳು ತುಂಬುವ ಮೊದಲೇ ಗಂಡು ಮಗು ಹುಟ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ದುವಾ ಮಾಡಿ ಟೀಚರ್ ಎಂದಿತ್ತು. ನಾನು ನನಗೆ ಗೊತ್ತಿದ್ದ ಪ್ರಾರ್ಥನೆ ಮಾಡಿದೆ. ಮಗು ಗಟ್ಟಿಯಾಯಿತು, ಮನೆಗೆ ಬಂತು. ಮುಖ್ಯಸ್ಥೆಗೆ ಸುದ್ದಿ ಕಳುಹಿಸಿದೆ. ಅಷ್ಟರಲ್ಲಿ ಅವರ ಒಪ್ಪಂದ ಮುಗಿದು ಅವರು ಬೇರೆ ದೇಶಕ್ಕೆ ಹೋಗಿದ್ದರು. ಐವರೂ ಸೇರಿ ಕಿರುಚಿದ ಒಂದು ಧ್ವನಿ ಸಂದೇಶ ಉತ್ತರವಾಗಿ ಬಂತು.

ಮಗುವನ್ನು ನೋಡಲು ಗಂಡನನ್ನೂ ಕರೆದುಕೊಂಡು ಹೋದೆ. ಎದ್ದು ಓಡಾಡುತ್ತಿದ್ದ ತಾಯಿಯನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ನಾನಂದುಕೊಂಡದ್ದಕ್ಕಿಂತ ಎತ್ತರ ಇದ್ದಳು. "ಕೂತ್ಕೊಳ್ಳಿ ಟೀಚರ್" ಎಂದು, ನಾನು ಕೇಳುವ ಮೊದಲೇ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಬಹಳ ಹೊತ್ತು ವಾಪಸು ತೆಗೆದುಕೊಳ್ಳಲಿಲ್ಲ.

ಹುಡುಗಿ ನನ್ನ ಪಕ್ಕದಲ್ಲಿ ಬಂದು ಕೂತಳು.

"ಮಿಸ್, ನಾನು ಮ್ಯೂಸಿಕ್ ಕಲಿಯುದಾ?"

"ಕಲಿ. ಪಿಟೀಲು ಕಲಿಸ್ತೇನೆ."

"ಪಿಟೀಲು ಬೇಡ. ಟ್ರಂಪೆಟ್."

ತಂದೆ ಚಹಾ ಲೋಟ ಕೆಳಗಿಟ್ಟರು. "ಟ್ರಂಪೆಟಾ? ಈ ಮನೆಯಲ್ಲಾ?"

"ಕಲೀಲಿ ಬಿಡಿ" ಎಂದಳು ತಾಯಿ, ಒಳಗೆ ಹೋಗುತ್ತ.

ಶಾಲೆಯ ಬ್ಯಾಂಡಿನ ಕಪಾಟಿನಲ್ಲಿ ಒಂದು ಹಳೆಯ ಟ್ರಂಪೆಟ್ ಇತ್ತು. ತೊಳೆದು ಎಣ್ಣೆ ಹಾಕಿ ಅವಳ ಕೈಗೆ ಕೊಟ್ಟೆ. ಮೊದಮೊದಲು ಬರೀ ಗಾಳಿ ಬಂತು. ಕೆಲವು ದಿನ ಬಿಟ್ಟು ಎಮ್ಮೆ ಕೂಗಿದಂಥ ಒಂದು ಸ್ವರ ಬಂತು. ಅವಳು ಟ್ರಂಪೆಟ್ ಇಳಿಸಿ, ಕೆಂಪಾದ ತುಟಿ ಒರಸಿಕೊಂಡು, "ಇದು ಯಾವ ಸ್ವರ ಮಿಸ್?" ಎಂದು ಕೇಳಿದಳು. ಅದು ಯಾವ ಸ್ವರವೂ ಆಗಿರಲಿಲ್ಲ. "ಹತ್ತಿರ ಬಂದಿದ್ದೀ, ಇನ್ನೊಮ್ಮೆ ಊದು" ಎಂದು ಹೇಳಿ, ಗಣಿತದ ಟೀಚರ್ ಬಾಗಿಲು ತಟ್ಟುವ ಮುಂಚೆ ನಾನೇ ಹೋಗಿ ಬಾಗಿಲು ಹಾಕಿಕೊಂಡು ಬಂದೆ.